ಯಾವ ಶ್ರೀನಿವಾಸ?

ಮಾನ್ಯ ಸಂಪಾದಕರಿಗೆ,

ಕಳೆದ ಭಾನುವಾರ ನಿಮ್ಮ ಓದುಗರ ಪತ್ರಗಳ ಅಂಕಣದಲ್ಲಿ ಒಬ್ಬರು ಕನ್ನಡದ ಕಾದಂಬರಿಕಾರರ ಮೇಲೆ ದೂರು ಹೇಳಿದ್ದರು. ಇಷ್ಟೊಂದು ಕಾದಂಬರಿ ಬರೆದವರಿಗೆ ನಾಯಕನಿಗೆ ಇಡಲು ಬೇರೆ ಹೆಸರೇ ಸಿಗಲಿಲ್ಲವೇ, ಅದೇ ಶ್ರೀನಿವಾಸ, ಅದೇ ಕೃಷ್ಣ, ಅದೇ ಮೋಹನ, ಒಬ್ಬರೇ ಲೇಖಕರು ಎರಡು ಪುಸ್ತಕಗಳಲ್ಲಿ ಒಂದೇ ಹೆಸರು ಇಟ್ಟರೆ ಅದು ಅಸಡ್ಡೆಯಲ್ಲದೆ ಮತ್ತೇನು ಎಂದು ಕೇಳಿದ್ದರು. ಓದಿ ನಗು ಬಂತು. ಅವರ ಪತ್ರದ ಕೆಳಗೆ ಮಂಜುನಾಥ, ಕುವೆಂಪುನಗರ ಎಂದಿತ್ತು. ಅದರ ಪಕ್ಕದಲ್ಲೇ ಒಳಚರಂಡಿ ವಿಷಯದ ಇನ್ನೊಂದು ಪತ್ರ, ಮಂಜುನಾಥ, ಪಾಂಡವಪುರ. ನೀವು ಇಬ್ಬರನ್ನೂ ಅಚ್ಚು ಹಾಕಿದಿರಿ. ಚರಂಡಿ ಕಟ್ಟಿಕೊಂಡವರು ಯಾರು, ಕಾದಂಬರಿ ಓದಿ ಬೇಸತ್ತವರು ಯಾರು ಎಂದು ನಮಗೆ ಗೊಂದಲವೇನೂ ಆಗಲಿಲ್ಲ.

ಈ ವಿಷಯದಲ್ಲಿ ಬಾಯಿ ಹಾಕಲು ನನಗೂ ಸ್ವಲ್ಪ ಹಕ್ಕಿದೆ. 1984ರಿಂದ 2011ರವರೆಗೆ ಕೃಷ್ಣಮೂರ್ತಿಪುರಂನ ನಮ್ಮ ಮನೆಯ ಮುಂಗೋಣೆಯಲ್ಲಿ ಬಾಡಿಗೆ ಪುಸ್ತಕದ ಲೈಬ್ರರಿ ನಡೆಸಿದವಳು ನಾನು. ಬೀದಿಯವರು ಅದನ್ನು ಸರ್ಕ್ಯುಲೇಟಿಂಗ್ ಲೈಬ್ರರಿ ಎಂದು ಪೂರ್ತಿ ಹೇಳುತ್ತಿರಲಿಲ್ಲ, ‘ಸರ್ಕ್ಯುಲೇಟಿಂಗು’ ಅಂತಷ್ಟೇ. ಶುರುವಿನಲ್ಲಿ ದಿನಕ್ಕೆ 50 ಪೈಸೆ. ಪುಸ್ತಕಗಳನ್ನು ಮೊದಲು ಲೇಖಕರ ಹೆಸರಿನ ಪ್ರಕಾರ ಜೋಡಿಸಿದ್ದೆ. ಒಂದೇ ತಿಂಗಳಲ್ಲಿ ಗೊತ್ತಾಯಿತು, ಬರುವವರಿಗೆ ಲೇಖಕರ ಹೆಸರೂ ನೆನಪಿರುವುದಿಲ್ಲ, ಪುಸ್ತಕದ ಹೆಸರೂ ನೆನಪಿರುವುದಿಲ್ಲ. “ಆ ಸತೀಶ ಇದಾನಲ್ಲ, ಹೆಂಡತಿ ಆಸ್ಪತ್ರೆಗೆ ಸೇರ್ತಾಳೆ, ಅದು ಕೊಡಿ” ಅನ್ನುತ್ತಾರೆ. ತರಕಾರಿ ಚೀಲ ಕೈಯಲ್ಲಿ ಹಿಡಿದು ನಿಂತ ಹೆಂಗಸನ್ನು ಕ್ಯಾಟಲಾಗು ನೋಡಿ ಎಂದು ಕೂರಿಸಲಾಗುತ್ತದೆಯೇ? ಅದಕ್ಕೇ ಒಂದು ಉದ್ದನೆಯ ಲೆಕ್ಕದ ಪುಸ್ತಕ ತಂದು, ಅಕಾರಾದಿಯಾಗಿ, ಪಾತ್ರಗಳ ಹೆಸರು ಬರೆಯುತ್ತಾ ಹೋದೆ. ಹೆಸರಿನ ಮುಂದೆ ಕಾದಂಬರಿ, ಅದರ ಮುಂದೆ ಕಪಾಟಿನ ನಂಬರು. ಲೈಬ್ರರಿ ಮುಚ್ಚಿದ ಮೇಲೆ ಪುಸ್ತಕಗಳನ್ನೆಲ್ಲ ಕೊಟ್ಟುಬಿಟ್ಟೆ, ಆ ಲೆಕ್ಕದ ಪುಸ್ತಕ ಮಾತ್ರ ಇಟ್ಟುಕೊಂಡಿದ್ದೇನೆ. ಈಗ ಮಡಿಲಲ್ಲಿ ಅದನ್ನು ಇಟ್ಟುಕೊಂಡೇ ಬರೆಯುತ್ತಿದ್ದೇನೆ. ರಟ್ಟು ಹೋಗಿದೆ, ಬೆನ್ನಿಗೆ ಹಳೆಯ ಕ್ಯಾಲೆಂಡರಿನ ಹಾಳೆ ಅಂಟಿಸಿದ್ದೇನೆ.

‘ಶ’ದ ಪುಟದಲ್ಲಿ ಒಂದು ತಮಾಷೆ ಇದೆ. ಶ್ರೀನಿವಾಸ ಎಂದು ಬರೆಯಬೇಕಾದಲ್ಲಿ ‘ಮಾವ’ ಎಂದು ಬರೆದಿದೆ.

ನಮ್ಮ ಮಾವನವರ ಹೆಸರು ಶ್ರೀನಿವಾಸಯ್ಯ. ಸೊಸೆ ಮಾವನ ಹೆಸರು ಹೇಳುವ ಹಾಗಿಲ್ಲ. ಬರೆದರೆ ದೋಷವಿಲ್ಲ ಎಂದು ನಮ್ಮೆಜಮಾನರು ಹೇಳಿದರೂ ಕೈ ಬರಲಿಲ್ಲ. ಅತ್ತೆ ನಡುಮನೆಯಲ್ಲೇ ಹೂಬತ್ತಿ ಹೊಸೆಯುತ್ತಾ ಕೂತಿರುತ್ತಿದ್ದರು, ಅವರ ಕಿವಿಗೆ ಬಾಗಿಲು ಕಿಟಕಿ ಯಾವುದೂ ಅಡ್ಡ ಬರುತ್ತಿರಲಿಲ್ಲ. ಗಿರಾಕಿ ಬಂದು, “ಶ್ರೀನಿವಾಸ ಶ್ರೋತ್ರಿಗಳ ಪುಸ್ತಕ ಇದೆಯಾ?” ಎಂದರೆ, “ಶ್ರೋತ್ರಿಗಳು ಇದಾರೆ” ಅನ್ನುತ್ತಿದ್ದೆ. “ಶ್ರೀನಿವಾಸ ಅಂತ, ಮಂತ್ರಿ ಮಗ” ಎಂದರೆ, “ಗೌಡರ ಮಗ ಹೊರಗೆ ಹೋಗಿದಾರೆ, ಗುರುವಾರ ಬರ್ತಾರೆ” ಅನ್ನುತ್ತಿದ್ದೆ. ಬೀದಿಯಲ್ಲಿ ಹೋಗುವವರು ಏನೆಂದುಕೊಂಡರೋ.

ಆ ಇಬ್ಬರು ಶ್ರೀನಿವಾಸರೂ ಎಸ್.ಎಲ್. ಭೈರಪ್ಪನವರವರು. ಒಬ್ಬರು 1965ರ ‘ವಂಶವೃಕ್ಷ’ದಲ್ಲಿ, ನಂಜನಗೂಡಿನ ಶ್ರೋತ್ರಿಗಳು. ಇನ್ನೊಬ್ಬ 1973ರ ‘ದಾಟು’ವಿನಲ್ಲಿ, ಮೇಲಗಿರಿಗೌಡರ ಮಗ. ಕುವೆಂಪುನಗರದ ಮಂಜುನಾಥ ಅವರ ಮುಖ್ಯ ಆಕ್ಷೇಪ ಇದೇ ಇದ್ದ ಹಾಗಿದೆ. ಅದಕ್ಕೆ ನನ್ನ ಲೈಬ್ರರಿಯಲ್ಲೇ ನಡೆದ ಒಂದು ಸಂಗತಿ ಹೇಳುತ್ತೇನೆ.

ಅಗ್ರಹಾರದ ಕಡೆಯಿಂದ ರಿಟೈರ್ಡ್ ಮೇಷ್ಟ್ರೊಬ್ಬರು ಬರುತ್ತಿದ್ದರು. ಕಚ್ಚೆಪಂಚೆ, ಕೋಟು, ಕೈಯಲ್ಲಿ ಛತ್ರಿ. ಕಾದಂಬರಿ ಓದುವುದು ಕಾಲಹರಣ ಎಂದು ಜೀವಮಾನವೆಲ್ಲ ಹುಡುಗರಿಗೆ ಹೇಳಿದವರು, ಹೆಂಡತಿ ತೀರಿಕೊಂಡ ಮೇಲೆ ಓದಲು ಹಿಡಿದಿದ್ದರು. ಯಾರೋ ಅವರಿಗೆ ಶ್ರೋತ್ರಿಗಳ ಬಗ್ಗೆ ಹೇಳಿದ್ದಾರೆ. ಆ ದಿನ ನಾನು ಒಳಗೆ ಒಲೆಯ ಮುಂದೆ. ಮುಂಗೋಣೆಯಲ್ಲಿ ನನಗೆ ಸಹಾಯಕ್ಕಿದ್ದ ಮದ್ದೂರಿನ ಕಡೆಯ ಹುಡುಗ ಒಬ್ಬನೇ. ಮೇಷ್ಟ್ರು ಬಂದು, “ಭೈರಪ್ಪನವರದು, ಶ್ರೀನಿವಾಸ ಅಂತ ಬರ್ತಾರಂತಲ್ಲ, ಕೊಡಪ್ಪ” ಎಂದಿದ್ದಾರೆ. ಅವನು ‘ದಾಟು’ ಎತ್ತಿ ಕೊಟ್ಟುಬಿಟ್ಟಿದ್ದಾನೆ. ನನಗೆ ರಾತ್ರಿ ಲೆಕ್ಕ ಬರೆಯುವಾಗ ಗೊತ್ತಾಯಿತು. ಆಚಾರವಂತರು, ದೇವಸ್ಥಾನದ ಪೂಜೆಯವರ ಮಗಳು ಸತ್ಯಭಾಮೆ ಜಾತಿಯ ಕಟ್ಟನ್ನೆಲ್ಲ ಕೇಳುತ್ತಾ ಹೋಗುವ ಕಥೆ ಕೈಗೆ ಸಿಕ್ಕಿದೆ, ನಾಳೆ ಬೆಳಿಗ್ಗೆಯೇ ಛತ್ರಿ ಸಮೇತ ಬಂದು ಎಗರಾಡುತ್ತಾರೆ ಎಂದು ನಿದ್ದೆ ಬರಲಿಲ್ಲ.

ಮಾರನೆಯ ದಿನ ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಒಂಬತ್ತನೆಯ ದಿನ ಬಂದರು. ಪುಸ್ತಕವನ್ನು ಮೇಜಿನ ಮೇಲೆ ಇಟ್ಟು, ಮೂಗಿನ ತುದಿಯ ಕನ್ನಡಕದ ಮೇಲಿಂದ ನನ್ನನ್ನೇ ನೋಡಿ, “ಏನಮ್ಮಾ, ಇವನು ಆ ಶ್ರೀನಿವಾಸ ಅಲ್ಲ” ಎಂದರು.

“ಅಲ್ಲ ಮೇಷ್ಟ್ರೇ, ತಪ್ಪಾಯ್ತು. ಹುಡುಗನಿಗೆ ತಿಳೀಲಿಲ್ಲ.”

“ತಪ್ಪಾಯ್ತು ಅಂದ್ರೆ? ನಾನು ಪೂರ್ತಿ ಓದಿದೀನಿ. ಇನ್ನೊಬ್ಬನ್ನ ಕೊಡು.”

‘ವಂಶವೃಕ್ಷ’ ತೆಗೆದುಕೊಂಡು ಹೋದರು, ಐದು ದಿನಕ್ಕೆ ತಂದರು. ಅವತ್ತು ಬೆಂಚಿನ ಮೇಲೆ ಕೂತು ಅರ್ಧ ಗಂಟೆ ಮಾತಾಡಿದರು. ಅವರಿಗೆ ಕಾಡಿದ್ದು ಇಷ್ಟು: ಒಬ್ಬ ಶ್ರೀನಿವಾಸ ವಂಶ, ಶಾಸ್ತ್ರ ಎಂದು ಬದುಕನ್ನೆಲ್ಲ ನೇರ ಗೆರೆಯ ಹಾಗೆ ಬದುಕಿ, ಕಡೆಗೆ ತನ್ನ ಹುಟ್ಟೇ ಆ ವಂಶದ ರಕ್ತದ್ದಲ್ಲ ಎಂದು ತಿಳಿದು ಎದ್ದು ಹೋಗುತ್ತಾನೆ. ಇನ್ನೊಬ್ಬ ಶ್ರೀನಿವಾಸನಿಗೆ ವಂಶ ಯಾವುದು, ಅಪ್ಪ ಯಾರು ಎನ್ನುವುದರಲ್ಲಿ ಏನೂ ಸಂಶಯವಿಲ್ಲ. ಅದೇ ಅವನನ್ನು ಕಟ್ಟಿಹಾಕಿ, ಪ್ರೀತಿಸಿದ ಹುಡುಗಿಯನ್ನು ಬಿಟ್ಟು ಸ್ವಜಾತಿಯವಳನ್ನು ಮದುವೆಯಾಗುತ್ತಾನೆ. “ಎರಡಕ್ಕೂ ಒಂದೇ ಹೆಸರಿಟ್ಟಿದ್ದಕ್ಕೆ ನನಗೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋ ಹಾಗಾಯ್ತಲ್ಲಮ್ಮ” ಎಂದರು. ಲೇಖಕರು ಹಾಗೆಂದೇ ಇಟ್ಟರು ಎಂದು ನಾನು ಹೇಳುವುದಿಲ್ಲ. ಆದರೆ ಅಸಡ್ಡೆ ಎಂದು ಕರೆಯುವ ಮುಂಚೆ ಎರಡನ್ನೂ ಓದಿರಬೇಕು, ಅಷ್ಟೆ.

ಭೈರಪ್ಪನವರದೇ ಇನ್ನೊಂದು ಜೋಡಿ ಹೇಳುತ್ತೇನೆ, ದೂರು ಕೊಟ್ಟವರ ಗಮನಕ್ಕೆ ಬಂದಿಲ್ಲ. ‘ದಾಟು’ವಿನ ಸತ್ಯಭಾಮೆಯನ್ನು ಸತ್ಯ ಎಂದೇ ಕರೆಯುತ್ತಾರೆ. 1961ರ ‘ಧರ್ಮಶ್ರೀ’ಯ ನಾಯಕ ಸತ್ಯನಾರಾಯಣ, ಅವನೂ ಸತ್ಯ. ಅವನು ಮತಾಂತರದ ಹೊಸ್ತಿಲಲ್ಲಿ ತೊಳಲುವವನು, ಇವಳು ಜಾತಿಯ ಹೊಸ್ತಿಲಲ್ಲಿ. ಇನ್ನು ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯಲ್ಲಿ ರಾಮ ಐತಾಳರ ಎರಡನೆಯ ಹೆಂಡತಿಯೂ ಸತ್ಯಭಾಮೆಯೇ. ಆ ಸತ್ಯಭಾಮೆಗೂ ಈ ಸತ್ಯಭಾಮೆಗೂ ಕೃಷ್ಣನ ಹೆಂಡತಿಯೆಂಬ ಹಳೆಯ ನೆಂಟಸ್ತಿಕೆ ಬಿಟ್ಟರೆ ಇನ್ನೇನೂ ಇಲ್ಲ.

ಐತಾಳರ ಮಾತು ಬಂದಿತಲ್ಲ, ಅಲ್ಲೇ ಸ್ವಲ್ಪ ನಿಲ್ಲುತ್ತೇನೆ. ಅಜ್ಜ ರಾಮ ಐತಾಳ, ಮಗ ಲಚ್ಚ, ಮೊಮ್ಮಗ ಮತ್ತೆ ರಾಮ. ಕಡಲ ಕರೆಯ ಆ ಮನೆಯನ್ನು ಅಜ್ಜ ಕಟ್ಟಿ, ಮಗ ಕೆಡಿಸಿ, ಮೊಮ್ಮಗ ಆ ಮಣ್ಣಿಗೇ ಹಿಂತಿರುಗುವ ಕಥೆ ಅದು. ಮೊಮ್ಮಗನಿಗೆ ಇನ್ನೇನಾದರೂ ಹೆಸರಿಟ್ಟಿದ್ದರೆ ಕಾದಂಬರಿಯ ಹೆಸರಿನಲ್ಲಿರುವ ‘ಮರಳಿ’ಗೆ ಅರ್ಧ ಬಲ ಹೋಗುತ್ತಿತ್ತು. ಭೈರಪ್ಪನವರ ‘ತಬ್ಬಲಿಯು ನೀನಾದೆ ಮಗನೆ’ಯಲ್ಲಿ ತಾತ ಕಾಳಿಂಗಗೌಡ, ಅಮೆರಿಕಕ್ಕೆ ಹೋಗಿಬಂದ ಮೊಮ್ಮಗ ಕಾಳಿಂಗ, ಇಬ್ಬರ ಹಿಂದೆಯೂ ಗೋವಿನ ಹಾಡಿನ ಗೊಲ್ಲ ಕಾಳಿಂಗ. ತಾತನಿಗೆ ಹಸು ತಾಯಿ, ಮೊಮ್ಮಗನಿಗೆ ಹಾಲು ಕೊಡುವ ಪ್ರಾಣಿ. ಹೆಸರು ಒಂದೇ ಆದದ್ದರಿಂದಲೇ ಈ ಜಗಳಕ್ಕೆ ನೋವು ಬಂದಿದೆ.

ತಾತನ ಹೆಸರು ಮೊಮ್ಮಗನಿಗೆ ಇಡುವುದು ನಮ್ಮಲ್ಲಿ ಹೊಸದೇನಲ್ಲ. ಆದರೆ ಅದರ ಜೊತೆಗೇ ಇನ್ನೊಂದು ಕಟ್ಟಳೆ ಇದೆಯಲ್ಲ, ನಾನು ಆಗಲೇ ಹೇಳಿದ್ದು. ಮಗುವಿಗೆ ಮಾವನ ಹೆಸರಿಟ್ಟ ಮೇಲೆ ಸೊಸೆ ಅದನ್ನು ಕೂಗುವುದು ಹೇಗೆ? ಊಟಕ್ಕೆ ಬಾರೋ, ಸ್ನಾನಕ್ಕೆ ಬಾರೋ, ಕಪಾಳಕ್ಕೆ ಬೀಳುತ್ತೆ ನೋಡು ಎಂದು ದಿನಕ್ಕೆ ನಲವತ್ತು ಸಲ ಕೂಗಬೇಕು. ಅದಕ್ಕೇ ಮುದ್ದಿನ ಹೆಸರು ಹುಟ್ಟುವುದು. ‘ವಂಶವೃಕ್ಷ’ದಲ್ಲಿ ಶ್ರೋತ್ರಿಗಳ ಮೊಮ್ಮಗನನ್ನು ಎಲ್ಲರೂ ಚೀನಿ ಅನ್ನುತ್ತಾರೆ. ಚೀನಿ ಎಂದರೆ ಶ್ರೀನಿವಾಸನೇ, ಸೀನ, ಸೀನು, ಚೀನಿ. ಎಷ್ಟೋ ಓದುಗರು ಇದನ್ನು ಗಮನಿಸುವುದಿಲ್ಲ. ನನಗೆ ಮೊದಲ ಓದಿನಲ್ಲೇ ಹೊಳೆದಿತ್ತು, ಏಕೆಂದರೆ ನನ್ನ ಮಗನನ್ನೂ ಮನೆಯಲ್ಲಿ ಚಿನ್ನು ಎಂದೇ ಕರೆದದ್ದು. ಸ್ಕೂಲಿಗೆ ಸೇರಿಸುವ ದಿನ ಮೇಡಂ ಹೆಸರು ಕೇಳಿದಾಗ ನಾನು ಹೇಳಲಾರದೆ ಜನನ ಪತ್ರವನ್ನೇ ಮುಂದೆ ತಳ್ಳಿದೆ. ತಾಯಿಗೆ ಓದು ಬರುವುದಿಲ್ಲ ಎಂದುಕೊಂಡು ಆಕೆ ನನಗೆ ಹೆಬ್ಬೆಟ್ಟಿನ ಪ್ಯಾಡು ಕೊಟ್ಟರು!

ಪುಸ್ತಕ ತಪ್ಪಾಗಿ ಕೊಟ್ಟ ಆ ಮದ್ದೂರಿನ ಹುಡುಗನನ್ನು ನಾನು ಬೈದಾಗ ಅವನು ಬೇಜಾರು ಮಾಡಿಕೊಳ್ಳದೆ ಒಂದು ಉಪಾಯ ಹೇಳಿದ. “ಅಕ್ಕಾರೆ, ನಮ್ಮೂರಲ್ಲಿ ನಾಕು ಜನ ಬೋರೇಗೌಡ್ರು ಅವ್ರೆ. ಮೂಲೆಮನೆ ಬೋರಣ್ಣ, ಮಿಲ್ ಬೋರಣ್ಣ, ಎಲ್‌ಐಸಿ ಬೋರಣ್ಣ, ಸುಮ್ನೆ ಬೋರಣ್ಣ. ಯಾರ್ಗೂ ಯಾರೂ ಅದ್ಲುಬದ್ಲಾಗಕಿಲ್ಲ. ನೀವೂ ಅಂಗೇ ಬರ್ಕೊಳಿ.” ಅವನೇ ಪೆನ್ಸಿಲಿನಲ್ಲಿ ‘ಮಾವ’ ಎಂಬುದರ ಕೆಳಗೆ ಬರೆದ: ನಂಜನಗೂಡು ಸೀನಪ್ಪ, ಮಿನಿಷ್ಟ್ರು ಮಗ ಸೀನ. ಅದು ಈಗಲೂ ಅಳಿಸಿಲ್ಲ.

ಆಮೇಲೆ ನೋಡಿದರೆ ಕುವೆಂಪು ಅವರೂ ಅದನ್ನೇ ಮಾಡಿದ್ದಾರೆ. ‘ಮಲೆಗಳಲ್ಲಿ ಮದುಮಗಳು’ ತೆಗೆದುಕೊಳ್ಳಿ, ಹಳೆಮನೆ ಸುಬ್ಬಣ್ಣ ಹೆಗ್ಗಡೆ, ಸಿಂಬಾವಿ ಭರಮೈ ಹೆಗ್ಗಡೆ, ಬೆಟ್ಟಳ್ಳಿ ಕಲ್ಲಯ್ಯಗೌಡ, ಹೂವಳ್ಳಿ ವೆಂಕಟಣ್ಣ. ಊರು ಮೊದಲು, ಮನುಷ್ಯ ಆಮೇಲೆ. ಹೇಳಿಕೊಳ್ಳಲು ಮನೆತನವಿಲ್ಲದ ಗುತ್ತಿ ಎಂಬ ಆಳಿಗೆ ಅವನ ನಾಯಿಯೇ ಇನಿಷಿಯಲ್ಲು. ಹುಲಿಯ ಎಂಬ ಆ ನಾಯಿ ಜೊತೆಗಿದ್ದದ್ದಕ್ಕೇ ಅವನು ನಾಯಿಗುತ್ತಿ. ಹುಲಿಯನಿಲ್ಲದಿದ್ದರೆ ಅವನು ಮಲೆನಾಡಿನ ಹತ್ತು ಗುತ್ತಿಗಳಲ್ಲಿ ಒಬ್ಬ ಆಗಿಬಿಡುತ್ತಿದ್ದ.

ಮೈಸೂರಿನವರಂತೂ ಈ ದೂರು ಕೊಡುವ ಹಾಗೇ ಇಲ್ಲ. ಕೆ.ಆರ್. ವೃತ್ತದಿಂದ ಹೊರಟರೆ ಕೆ.ಆರ್. ಆಸ್ಪತ್ರೆ, ಬಸ್ಸು ಹತ್ತಿದರೆ ಒಂದು ದಿಕ್ಕಿಗೆ ಕೆ.ಆರ್. ನಗರ, ಇನ್ನೊಂದು ದಿಕ್ಕಿಗೆ ಕೆ.ಆರ್. ಪೇಟೆ, ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋಗಲು ಕೆ.ಆರ್.ಎಸ್. ಕೃಷ್ಣರಾಜ ಎಂಬ ಒಂದೇ ಹೆಸರಿನ ನಾಲ್ಕು ಅರಸರನ್ನು ಇಮ್ಮಡಿ, ಮುಮ್ಮಡಿ, ನಾಲ್ವಡಿ ಎಂದು ಎಣಿಸಿಕೊಂಡು ಬಂದ ಊರು ಇದು. ಮುಮ್ಮಡಿಯವರ ತಂದೆ ಚಾಮರಾಜ, ದತ್ತು ಮಗನೂ ಚಾಮರಾಜ, ಆ ಚಾಮರಾಜರ ಮಗ ನಾಲ್ವಡಿಯವರು ಮತ್ತೆ ಕೃಷ್ಣರಾಜ. ಯಾರಾದರೂ ಅರಮನೆಗೆ ಹೆಸರಿನ ಬಡತನ ಎಂದರೇ? ಪಕ್ಕದ ಕೊಡಗಿನಲ್ಲಿ ದೊಡ್ಡವೀರರಾಜೇಂದ್ರ, ಚಿಕವೀರರಾಜೇಂದ್ರ ಎಂದು ದೊಡ್ಡ ಚಿಕ್ಕ ಸೇರಿಸಿ ನಿಭಾಯಿಸಿದರು. ಆ ಕೊನೆಯ ಅರಸನ ಕಾದಂಬರಿ ಬರೆದ ಮಾಸ್ತಿಯವರ ಕಾವ್ಯನಾಮ ಏನು? ಶ್ರೀನಿವಾಸ. ನನ್ನ ಪುಸ್ತಕದಲ್ಲಿ ಅವರನ್ನೂ ಅದೇ ಪುಟಕ್ಕೆ ಸೇರಿಸಿದ್ದೇನೆ, ಪಾತ್ರವಲ್ಲದಿದ್ದರೂ. ಯಾದವಗಿರಿಯ ಆರ್.ಕೆ. ನಾರಾಯಣ್ ಅವರ 1949ರ ‘ಮಿಸ್ಟರ್ ಸಂಪತ್’ನಲ್ಲಿ ಪತ್ರಿಕೆಯ ಸಂಪಾದಕನ ಹೆಸರೂ ಶ್ರೀನಿವಾಸ ಎಂದು ನಮ್ಮೆಜಮಾನರು ಹೇಳಿದ ಮೇಲೆ ಅವನನ್ನೂ ಸೇರಿಸಿದೆ. ಅಲ್ಲಿಗೆ ಆ ಪುಟ ತುಂಬಿತು.

ಹೆಂಗಸರು ಬರೆದ ಕಾದಂಬರಿಗಳಲ್ಲಿ ಲೆಕ್ಕ ತಿರುಗುಮುರುಗು. ನಮ್ಮ ಊರಿನವರೇ ಆದ ತ್ರಿವೇಣಿಯವರ ‘ಬೆಳ್ಳಿಮೋಡ’ದ ಗಂಡಸು ಮೋಹನ, ‘ಶರಪಂಜರ’ದ ಗಂಡಸು ಸತೀಶ. ಇವರನ್ನು ಅದಲುಬದಲು ಮಾಡಿ ಹೇಳಿದ ಗಿರಾಕಿಗಳು ಎಷ್ಟು ಜನವೋ. ಆ ಕಥೆಗಳ ನಾಯಕಿಯರಾದ ಇಂದಿರಾ ಮತ್ತು ಕಾವೇರಿ ಮಾತ್ರ ಯಾವತ್ತೂ ಅದಲುಬದಲಾಗಲಿಲ್ಲ. ಸಿನಿಮಾದಲ್ಲಿ ಎರಡನ್ನೂ ಮಾಡಿದ್ದು ಒಬ್ಬರೇ ಕಲ್ಪನಾ ಆದರೂ ಆಗಲಿಲ್ಲ. ಹೆಂಗಸರ ಕಥೆಯಲ್ಲಿ ಗಂಡಿನ ಹೆಸರು ಮೋಹನವೋ ಸತೀಶವೋ ಯಾರಿಗೆ ಬೇಕು, ಆಸ್ತಿ ಹೋಯಿತೆಂದು ಮಾತು ತಿರುಗಿಸಿದವನು ಒಬ್ಬ, ಕಾಯಿಲೆಯ ಹೆಂಡತಿಯನ್ನು ಬಿಟ್ಟು ಬೇರೆ ಕಡೆ ತಿರುಗಿದವನು ಇನ್ನೊಬ್ಬ. ಇಂದಿರಾ ಎಂಬ ಹೆಸರಾದರೂ ತ್ರಿವೇಣಿಯವರದೇ ಮೊದಲಲ್ಲ, 1899ರಲ್ಲೇ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಬಂದಿತ್ತು. ಅಲ್ಲಿಂದ ಇಲ್ಲಿಗೆ ಆ ಹೆಸರು ಎಷ್ಟು ದೂರ ನಡೆದು ಬಂದಿದೆ ಎಂದು ನೋಡಿದರೆ, ಬೇರೆ ಹೆಸರು ಇಟ್ಟಿದ್ದರೆ ಚೆನ್ನಾಗಿತ್ತು ಎಂದು ನನಗಂತೂ ಅನ್ನಿಸುವುದಿಲ್ಲ.

ಮಂಜುನಾಥ ಅವರ ಮಾತು ಪೂರ್ತಿ ಸುಳ್ಳು ಎಂದೂ ನಾನು ಹೇಳಲಾರೆ. ನನ್ನ ಮನೆ ನಡೆಸಿದ ಪುಸ್ತಕಗಳ ಬಗ್ಗೆ ಕೆಟ್ಟದ್ದು ಆಡಬಾರದು, ಆದರೂ ಆಡುತ್ತೇನೆ. 1980ರ ದಶಕದಲ್ಲಿ ಮಧ್ಯಾಹ್ನದ ಹೊತ್ತಿಗೆ ಓದಲೆಂದೇ ಬರುತ್ತಿದ್ದ ಕೆಲವು ಕಾದಂಬರಿಗಳಲ್ಲಿ ನಾಯಕ ರವಿ, ಇಲ್ಲದಿದ್ದರೆ ಆನಂದ. ಡಾಕ್ಟರು, ಇಲ್ಲದಿದ್ದರೆ ಎಸ್ಟೇಟ್ ಮಾಲೀಕ. ಎತ್ತರ, ಗಂಭೀರ, ಮಾತು ಕಡಿಮೆ, ಕಾರಿನ ಬಾಗಿಲು ಜೋರಾಗಿ ಹಾಕುತ್ತಾನೆ. ಮಹಾರಾಣಿ ಕಾಲೇಜಿನ ಹುಡುಗಿಯೊಬ್ಬಳು ವಾರಕ್ಕೆ ಮೂರು ಒಯ್ಯುತ್ತಿದ್ದಳು. ಒಂದು ದಿನ ಪುಸ್ತಕ ವಾಪಸ್ಸು ತಂದು, “ಆಂಟಿ, ಇದು ನಾನು ಓದಿರೋದೇ, ದುಡ್ಡು ವಾಪಸ್ ಕೊಡಿ” ಎಂದು ಹಟ ಹಿಡಿದಳು. ಲೆಕ್ಕದ ಪುಸ್ತಕ ತೆಗೆದು ತೋರಿಸಿದೆ, ಅವಳು ಅದನ್ನು ಯಾವತ್ತೂ ಒಯ್ದಿರಲಿಲ್ಲ. ಓದಿದ್ದು ಬೇರೆ ರವಿಯನ್ನು. ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕ ಬಿಚ್ಚಿ ನೋಡಿದೆವು. ಎರಡರಲ್ಲೂ ಮಳೆಯಲ್ಲಿ ಕಾರು ಕೆಟ್ಟಿತ್ತು, ಎರಡರಲ್ಲೂ ಹುಡುಗಿ ಕಾಲು ಉಳುಕಿಸಿಕೊಂಡಿದ್ದಳು, ಎರಡರಲ್ಲೂ ರವಿ ಕರವಸ್ತ್ರ ಹರಿದು ಪಟ್ಟಿ ಕಟ್ಟಿದ್ದ. ನಾನು ಮಾತಿಲ್ಲದೆ 50 ಪೈಸೆ ವಾಪಸ್ಸು ಕೊಟ್ಟೆ. ಅಲ್ಲಿ ರವಿಯ ಹೆಸರನ್ನು ಬದಲಾಯಿಸಿ ವಿಕ್ರಮ ಎಂದಿಟ್ಟಿದ್ದರೆ ಏನಾಗುತ್ತಿತ್ತು? ಅವಳಿಗೆ ಸಂಶಯ ಬರುವುದು ಇನ್ನೂ ಹತ್ತು ಪುಟ ತಡವಾಗುತ್ತಿತ್ತು.

ಹೆಸರು ಒಂದೇ ಇರಲಿ ಎಂದು ಓದುಗರೇ ಕೇಳುವುದೂ ಉಂಟು. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಹುಡುಕಿಕೊಂಡು ಬರುತ್ತಿದ್ದ ಟಾಂಗಾದವರೊಬ್ಬರಿದ್ದರು. ಪುಸ್ತಕದ ಮೊದಲ ಪುಟಗಳಲ್ಲಿ ಪುರುಷೋತ್ತಮ ಸಿಗದಿದ್ದರೆ ಅಲ್ಲೇ ನಿಂತು ಹಿಂದಿರುಗಿಸುತ್ತಿದ್ದರು.

ನನಗೆ ಕಸಿವಿಸಿಯಾದ ಹೆಸರಿನ ವಿಷಯ ಬೇರೆಯೇ ಇದೆ, ಅದನ್ನು ಯಾರೂ ಪತ್ರ ಬರೆದು ಕೇಳಿಲ್ಲ. ನನ್ನ ಲೆಕ್ಕದ ಪುಸ್ತಕದಲ್ಲಿ ನಾಯಕರ ಹೆಸರುಗಳು ಒಂದೊಂದಾಗಿ ಇವೆ. ಆಳುಗಳ ಹೆಸರು ನಾನು ಬರೆದುಕೊಂಡೇ ಇಲ್ಲ. ತಿಮ್ಮ, ಸಣ್ಣ, ಬೈರ, ನಿಂಗ ಎಂದು ಕಾದಂಬರಿಗೆ ಹತ್ತು ಸಲ ಬಂದು ನೀರು ತಂದಿಟ್ಟು, ಗಾಡಿ ಕಟ್ಟಿ ಹೋಗುವವರು. ಎರಡು ಕಾದಂಬರಿಯಲ್ಲಿ ಶ್ರೀನಿವಾಸ ಬಂದರೆ ನಮಗೆ ಕಣ್ಣು ಕುಕ್ಕುತ್ತದೆ, ಇಪ್ಪತ್ತರಲ್ಲಿ ತಿಮ್ಮ ಬಂದರೂ ಕಾಣುವುದಿಲ್ಲ. ತಿಮ್ಮನೂ ತಿರುಪತಿಯ ದೇವರೇ ಅಲ್ಲವೇ? ಗಿರಾಕಿಯೊಬ್ಬರು ಬಂದು ತಿಮ್ಮ ಇರುವ ಪುಸ್ತಕ ಕೊಡಿ ಎಂದು ಮೊದಲ ಸಲ ಕೇಳಿದ್ದು ಆಲನಹಳ್ಳಿ ಶ್ರೀಕೃಷ್ಣ ಅವರ ‘ಪರಸಂಗದ ಗೆಂಡೆತಿಮ್ಮ’ನಿಗಾಗಿ. ಅವತ್ತು ‘ತ’ ಅಕ್ಷರಕ್ಕೆ ಹೊಸ ಹಾಳೆ ಮಾಡಿಕೊಂಡೆ. ಅವರದೇ ‘ಕಾಡು’ ಕಾದಂಬರಿಯ ಚಂದ್ರೇಗೌಡನನ್ನು ‘ಚ’ದಲ್ಲಿ ಬರೆಯಲು ಹೋದರೆ ಅಲ್ಲಿ ಆಗಲೇ ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ಯ ಚಂದ್ರಯ್ಯಗೌಡರು ಮೂರನೆಯ ಹೆಂಡತಿಯೊಂದಿಗೆ ಕೂತಿದ್ದರು. ಸ್ವಲ್ಪ ಸರಿದು ಜಾಗ ಕೊಟ್ಟರು.

ನಮ್ಮ ಅತ್ತೆ ತೀರಿಕೊಂಡು ಹನ್ನೆರಡು ವರ್ಷವಾಯಿತು, ಮಾವ ಅದಕ್ಕೂ ಮುಂಚೆ. ಈ ಪತ್ರದಲ್ಲಿ ಅವರ ಹೆಸರನ್ನು ಇಷ್ಟು ಸಲ ಬರೆದಿದ್ದೇನೆ, ಬಾಯಲ್ಲಿ ಒಂದು ಸಲವೂ ಹೇಳಿಕೊಂಡು ಬರೆಯಲಿಲ್ಲ. ಮೊಮ್ಮಗನಿಗೆ ಮಗ ಸೊಸೆ ಆರವ್ ಎಂದಿಟ್ಟಿದ್ದಾರೆ. ಯಾರ ಹೆಸರೂ ಅಲ್ಲ, ಹೊಸದಾಗಿರಲಿ ಎಂದು. ಅವನ ಕ್ಲಾಸಿನಲ್ಲಿ ಮೂರು ಜನ ಆರವ್ ಇದ್ದಾರಂತೆ. ಇವನನ್ನು ಮಿಸ್ಸು ‘ವಾಟರ್ ಬಾಟಲ್ ಆರವ್’ ಅನ್ನುತ್ತಾರಂತೆ, ದಿನಾ ಮರೆತು ಬರುತ್ತಾನೆಂದು.

ಪತ್ರ ಉದ್ದವಾಯಿತು, ಬೇಕಾದಲ್ಲಿ ಕತ್ತರಿ ಆಡಿಸಿ. ಆದರೆ ನನ್ನ ಹೆಸರಿನ ಪಕ್ಕದಲ್ಲಿ ಬಡಾವಣೆಯ ಹೆಸರನ್ನೂ, ‘ಲೈಬ್ರರಿ’ ಎಂಬುದನ್ನೂ ದಯವಿಟ್ಟು ಬಿಡಬೇಡಿ. ನಮ್ಮ ಬೀದಿಯಲ್ಲೇ ಇನ್ನೊಬ್ಬರು ಲಕ್ಷ್ಮೀದೇವಿ ಇದ್ದಾರೆ. ಅವರಿಗೆ ಕಾದಂಬರಿ ಎಂದರೆ ಆಗದು, ಜನ ಹೋಗಿ ಅವರನ್ನು ಮಾತಾಡಿಸಿದರೆ ನನಗೆ ಬೈಗುಳ ತಪ್ಪಿದ್ದಲ್ಲ.

ಇತಿ,
ಲೈಬ್ರರಿ ಲಕ್ಷ್ಮೀದೇವಿ
ಕೃಷ್ಣಮೂರ್ತಿಪುರಂ, ಮೈಸೂರು